ಮೂರು ತಾಸಿನ ಲೆಕ್ಕ

ನಮ್ಮ ಮಸರಕಲ್ಲಿಗೆ ರೈಲಿಲ್ಲ. ತಾಲ್ಲೂಕು ಕೇಂದ್ರ ದೇವದುರ್ಗಕ್ಕೂ ಇಲ್ಲ. ಗಾಡಿ ಹತ್ತಬೇಕೆಂದರೆ ಗಂಟು ಕಟ್ಟಿಕೊಂಡು, ಬುತ್ತಿ ಹಿಡಿದುಕೊಂಡು, ಬಸ್ಸಿನಲ್ಲಿ ರಾಯಚೂರಿಗೆ ಹೋಗಬೇಕು. ಹೀಗಾಗಿ ನಮ್ಮೂರಿನವರ ರೈಲು ಪ್ರಯಾಣ ರೈಲು ಬರುವುದಕ್ಕೆ ಎಷ್ಟೋ ತಾಸು ಮೊದಲೇ ಶುರುವಾಗಿರುತ್ತದೆ. ಬೆಂಗಳೂರಿಗೆ ದುಡಿಯಲು ಹೋಗುವವರು, ಕಣ್ಣಿನ ಆಪರೇಷನ್‌ಗೆ ಹೋಗುವ ಮುದುಕರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಎಲ್ಲರದೂ ಇದೇ ದಾರಿ.

ನಾನು ಮೇಷ್ಟರಾಗಿದ್ದು ನಿವೃತ್ತನಾದವನು. ಫೋನಿನಲ್ಲಿ ಬರುವ ಇಂಗ್ಲಿಷ್ ಸಂದೇಶ ಓದಿ ಹೇಳಲು ಬರುತ್ತದೆಂದು ಓಣಿಯವರು ಟಿಕೆಟ್ಟು ಹಿಡಿದುಕೊಂಡು ನಮ್ಮ ಕಟ್ಟೆಗೆ ಬರುತ್ತಾರೆ. ಈಚೆಗೆ ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳೂ ಒಂದು ಪ್ರಶ್ನೆ ತಂದಳು.

“ಮುತ್ಯಾ, ಗಾಡಿ ತಡ ಆದ್ರ ಚೀಟಿ ಕೊಡ್ತಾರಂತ, ಆ ಚೀಟಿಗಿ ರೊಕ್ಕ ಸಿಗ್ತೈತಂತ. ಖರೇನಾ?”

ಅರ್ಧ ಖರೆ. ಚೀಟಿ ಕೊಡುವ ದೇಶಗಳಿವೆ. ನಮ್ಮಲ್ಲಿ ಚೀಟಿ ಇಲ್ಲ, ಆದರೆ ರೊಕ್ಕ ಮರಳಿ ಬರುವ ದಾರಿ ಇದೆ. ಆ ದಾರಿಗೆ ಹೊತ್ತಿನ ಕಟ್ಟಳೆ ಇದೆ. ಹೊತ್ತು ಮೀರಿತೋ, ದಾರಿ ಮುಚ್ಚಿತು. ಇದನ್ನು ಹೇಳಲಿಕ್ಕೇ ಈ ಬರಹ.

ಮೊದಲು ಗಡಿಯಾರದ ಒಂದು ಮಾತು ಹೇಳುತ್ತೇನೆ, ಮಕ್ಕಳಿಗೆ ಇಷ್ಟವಾಗಬಹುದು. ರಾಯಚೂರು ಸಾಮಾನ್ಯ ಟೇಶನ್ ಅಲ್ಲ. ಮುಂಬೈ ಕಡೆಯಿಂದ ಹಳಿ ಹಾಕುತ್ತ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯೂ, ಮದ್ರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಕಂಪನಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಆಗ ದೇಶಕ್ಕೆಲ್ಲ ಒಂದೇ ಗಡಿಯಾರ ಇರಲಿಲ್ಲ. ಮುಂಬೈ ವೇಳೆಗೂ ಮದ್ರಾಸ್ ವೇಳೆಗೂ ಸುಮಾರು ಅರ್ಧ ತಾಸು ಅಂತರವಿತ್ತು. ಗಾಡಿ ಓಡಿಸುವವರು ಇದರಿಂದ ಬೇಸತ್ತು ಮದ್ರಾಸಿನ ಗಡಿಯಾರವನ್ನೇ ರೈಲ್ವೆ ವೇಳೆ ಎಂದು ಹಿಡಿದರು. ಈಗ ನಾವು ನೋಡುವ ಭಾರತೀಯ ವೇಳೆ ಬಂದದ್ದು 1906ರ ಜನವರಿ 1ಕ್ಕೆ. “ಗಾಡಿ ತಡ” ಎಂದು ಹೇಳಬೇಕಾದರೆ ಮೊದಲು ಎಲ್ಲರೂ ಒಂದು ಗಡಿಯಾರ ಒಪ್ಪಬೇಕು ನೋಡಿ.

ಈಗ ನಿಯಮಕ್ಕೆ ಬರೋಣ. ಟಿಕೆಟ್ ರದ್ದು ಮಾಡುವುದು, ಹಣ ಮರಳಿಸುವುದು ಇವಕ್ಕೆ ರೈಲ್ವೆಯಲ್ಲಿ 2015ರ ನಿಯಮಗಳೆಂದು ಇವೆ. ಅದರಲ್ಲಿ ತಡವಾದ ಗಾಡಿಯ ವಿಷಯ ಹೀಗಿದೆ: ನೀವು ಹತ್ತಬೇಕಾದ ನಿಲ್ದಾಣಕ್ಕೆ ಗಾಡಿ ಮೂರು ತಾಸಿಗಿಂತ ಹೆಚ್ಚು ತಡವಾಗಿದ್ದರೆ, ನೀವು ಪ್ರಯಾಣ ಮಾಡದಿದ್ದರೆ, ಗಾಡಿ ಅಲ್ಲಿಂದ ನಿಜವಾಗಿ ಹೊರಡುವುದರೊಳಗೆ ಟಿಕೆಟ್ ಒಪ್ಪಿಸಿದರೆ, ಕಡಿತವಿಲ್ಲದೆ ಪೂರ್ತಿ ದರ ಮರಳುತ್ತದೆ. ಸೀಟು ಖಾತ್ರಿಯಾದವರಿಗೂ ಸರಿ, ಆರ್‌ಎಸಿಯವರಿಗೂ ಸರಿ.

ಒಂದು ವಾಕ್ಯದಲ್ಲಿ ಮೂರು “ದರೆ” ಬಂದವು. ಮೂರನ್ನೂ ಒಂದೊಂದಾಗಿ ಬಿಡಿಸಬೇಕು, ಯಾಕೆಂದರೆ ರೊಕ್ಕ ಕೈತಪ್ಪುವುದು ಅಲ್ಲಿಯೇ.

“ಹತ್ತಬೇಕಾದ ನಿಲ್ದಾಣ” ಅನ್ನುವುದು ಮೊದಲನೆಯದು. ದಿಲ್ಲಿಯಿಂದ ಬೆಂಗಳೂರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸು ರಾಯಚೂರಿನ ಮೇಲೆ ಹಾಯುತ್ತದೆ. ಅಂಥ ದೂರದ ಗಾಡಿ ಮೇಲೆಲ್ಲೋ ನಾಲ್ಕು ತಾಸು ತಡವಾಗಿ, ಬರುಬರುತ್ತ ತಡವನ್ನು ತುಂಬಿಕೊಂಡು, ರಾಯಚೂರಿಗೆ ಎರಡೂವರೆ ತಾಸು ತಡವಾಗಿ ಬಂದರೆ ಲೆಕ್ಕಕ್ಕೆ ಬರುವುದು ಎರಡೂವರೆ ಮಾತ್ರ. ಹಾಗೆಯೇ ರಾಯಚೂರಿನಲ್ಲಿ ಸರಿಯಾದ ಹೊತ್ತಿಗೆ ಹತ್ತಿಸಿಕೊಂಡು ಬೆಂಗಳೂರಿಗೆ ಐದು ತಾಸು ತಡವಾಗಿ ಇಳಿಸಿದರೂ ಈ ನಿಯಮದಲ್ಲಿ ನಿಮಗೆ ಬಿಡಿಗಾಸೂ ಇಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡಿ. ಗಾಡಿ ಬಿಡುವ ಹೊತ್ತು ರಾತ್ರಿ 9.15. ಫೋನಿನಲ್ಲಿ ಬಿಡುವ ಹೊತ್ತು 12.05 ಎಂದು ತೋರಿಸುತ್ತಿದೆ. ಎಷ್ಟು ತಡ? 2 ತಾಸು 50 ನಿಮಿಷ. ರೊಕ್ಕ ಬರುವುದಿಲ್ಲ. 12.25 ಎಂದು ತೋರಿಸಿದರೆ? 3 ತಾಸು 10 ನಿಮಿಷ. ಆಗ ಬರುತ್ತದೆ. ಆದರೆ ಫೋನು ತೋರಿಸುವುದು ಅಂದಾಜು. 3.10 ತಡ ಎಂದು ನಂಬಿ ನೀವು ಟಿಕೆಟ್ ಬಿಟ್ಟುಕೊಟ್ಟಿರಿ, ಗಾಡಿಯ ಚಾಲಕ ಚುರುಕಾಗಿ ಬಂದು 2.55ಕ್ಕೆ ನಿಲ್ಲಿಸಿದ ಎಂದಿಟ್ಟುಕೊಳ್ಳಿ. ಪರಿಶೀಲಿಸುವವರು ನೋಡುವುದು ಗಾಡಿ ನಿಜವಾಗಿ ಓಡಿದ ದಾಖಲೆಯನ್ನು. ಹಾಗಾಗಿ ಮೂರು ತಾಸಿನ ಆಸುಪಾಸಿನಲ್ಲಿರುವ ತಡದ ಮೇಲೆ ನಾನಂತೂ ಯಾರಿಗೂ ಭರವಸೆ ಕೊಡುವುದಿಲ್ಲ. ನಾಲ್ಕು ತಾಸು ದಾಟಿದ್ದರೆ ಮಾತ್ರ “ಹೂಂ, ಮಾಡೋಣು” ಅನ್ನುತ್ತೇನೆ. ಇನ್ನೊಂದು ಸೂಕ್ಷ್ಮ: 12 ದಾಟಿದರೆ ತಾರೀಖು ಬದಲಾಗುತ್ತದೆ, ಆದರೆ ನಿಮ್ಮ ಟಿಕೆಟ್ಟಿನ ತಾರೀಖು ಹಿಂದಿನ ದಿನದ್ದೇ. ಅರ್ಜಿ ತುಂಬುವಾಗ ಟಿಕೆಟ್ಟಿನ ತಾರೀಖನ್ನೇ ನೋಡಿ.

ಎರಡನೆಯದು “ಪ್ರಯಾಣ ಮಾಡದಿದ್ದರೆ”. ತಡವಾದ ಗಾಡಿಯನ್ನೇ ಹತ್ತಿ ಹೋದರೆ ಅರ್ಜಿಗೆ ಅರ್ಥವಿಲ್ಲ. ಹೋಗಲೂಬೇಕು, ರೊಕ್ಕವೂ ಬೇಕು ಎಂದರೆ ಆಗದು.

ಮೂರನೆಯದು ಹೊತ್ತು. ಇದೇ ಬಹಳ ಜನರಿಗೆ ತಿಳಿಯದ್ದು. ಕೌಂಟರಿನಲ್ಲಿ ತೆಗೆದ ಕಾಗದದ ಟಿಕೆಟ್ ಆದರೆ ಗಾಡಿ ಹೊರಡುವ ಮುಂಚೆ ಕೌಂಟರಿನಲ್ಲಿಯೇ ಕೊಡಬೇಕು. ಆನ್‌ಲೈನ್ ಟಿಕೆಟ್ ಆದರೆ ಐಆರ್‌ಸಿಟಿಸಿಯ ಖಾತೆಯಲ್ಲಿ ಟಿಡಿಆರ್ ಎಂಬ ಅರ್ಜಿ ತುಂಬಬೇಕು. ಅಲ್ಲಿ ಕಾರಣಗಳ ಪಟ್ಟಿ ಬರುತ್ತದೆ. “ಗಾಡಿ ಮೂರು ತಾಸಿಗಿಂತ ಹೆಚ್ಚು ತಡ, ಪ್ರಯಾಣಿಕ ಪ್ರಯಾಣ ಮಾಡಿಲ್ಲ” ಎಂಬ ಅರ್ಥದ ಸಾಲನ್ನೇ ಆರಿಸಬೇಕು. ಇದೂ ಗಾಡಿ ನಿಮ್ಮ ನಿಲ್ದಾಣ ಬಿಡುವುದರೊಳಗೆ ಆಗಬೇಕು. ನಾಳೆ ಊರಿಗೆ ಹೋಗಿ ನಿಧಾನಕ್ಕೆ ತುಂಬುತ್ತೇನೆ ಎಂದರೆ ನಡೆಯುವುದಿಲ್ಲ. ಗಾಡಿಯೇ ಪೂರ್ತಿ ರದ್ದಾದರೆ ಮಾತ್ರ ಇಷ್ಟು ಅವಸರವಿಲ್ಲ. ಆಗ ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿ ಬರುತ್ತದೆ, ಕಾಗದದ ಟಿಕೆಟ್ಟಿಗೆ ಗಾಡಿ ಹೊರಡಬೇಕಿದ್ದ ದಿನದಿಂದ ಮೂರು ದಿನ ಅವಕಾಶವಿದೆ.

ತತ್ಕಾಲ್ ಟಿಕೆಟ್ಟಿನವರು ಸಾಮಾನ್ಯವಾಗಿ “ನಮಗ ಏನೂ ಬರಂಗಿಲ್ಲ” ಎಂದು ಕೈಬಿಟ್ಟಿರುತ್ತಾರೆ. ತಾವಾಗಿ ರದ್ದು ಮಾಡಿದರೆ ಖಾತ್ರಿಯಾದ ತತ್ಕಾಲ್ ಟಿಕೆಟ್ಟಿಗೆ ಹಣ ಬರುವುದಿಲ್ಲ, ನಿಜ. ಗಾಡಿ ಮೂರು ತಾಸು ಮೀರಿ ತಡವಾದರೆ ಬರುತ್ತದೆ. ಆದರೆ ಅಲ್ಲಿಯೂ ಒಂದು ಕೊಕ್ಕೆ. ಕಲಬುರಗಿಯಿಂದ ಬೆಂಗಳೂರಿಗೆ ಟಿಕೆಟ್ ತೆಗೆದು, ಹತ್ತುವ ನಿಲ್ದಾಣವನ್ನು ರಾಯಚೂರು ಎಂದು ಬದಲಿಸಿಕೊಂಡಿದ್ದರೆ, ತತ್ಕಾಲಿಗೆ ತಡ ಎಣಿಸುವುದು ಕಲಬುರಗಿಯಲ್ಲಿ. ರಾಯಚೂರಿನಲ್ಲಿ ಎಷ್ಟು ತಡ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಈ ನಿಯಮ ಪಟ್ಟಣದವರಿಗೆ ಹೊಂದಿದಷ್ಟು ಹಳ್ಳಿಯವರಿಗೆ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ಟೇಶನ್ನಿನ ಪಕ್ಕದ ಬಡಾವಣೆಯವರು ಗಾಡಿ ತಡವೆಂದು ತಿಳಿದರೆ ಮನೆಯಲ್ಲಿಯೇ ಉಂಡು ಮಲಗುತ್ತಾರೆ, ಬೇಡವಾದರೆ ಹಾಸಿಗೆಯಲ್ಲಿ ಕುಳಿತೇ ಅರ್ಜಿ ತುಂಬುತ್ತಾರೆ. ನಮ್ಮೂರಿನವರು ಸಂಜೆಯೇ ಬಸ್ಸಿಳಿದು ಬಂದು ಕೂತಿರುತ್ತಾರೆ. ರಾತ್ರಿ ಹತ್ತಕ್ಕೆ “ನಾಲ್ಕು ತಾಸು ತಡ” ಎಂದು ಕೂಗಿದಾಗ ಊರ ಕಡೆಯ ಬಸ್ಸು ಹೋಗಿಯಾಗಿರುತ್ತದೆ. ಟಿಕೆಟ್ ಬಿಟ್ಟುಕೊಟ್ಟರೆ ಬೆಳಗಿನ ತನಕ ಎಲ್ಲಿರಬೇಕು? ಅದಕ್ಕೇ ಮನೆ ಬಿಡುವ ಮುಂಚೆ 139ಕ್ಕೆ ಫೋನು ಮಾಡಿ ಗಾಡಿ ಎಲ್ಲಿದೆ ಎಂದು ಕೇಳಿರಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅದು ರೈಲ್ವೆಯ ಸಹಾಯವಾಣಿ. ಮಕ್ಕಳಿದ್ದ ಮನೆಯಲ್ಲಿ ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಡಿಸೆಂಬರ್, ಜನವರಿಯಲ್ಲಿ ಉತ್ತರದ ಕಡೆಯಿಂದ ಬರುವ ಗಾಡಿಗಳಿಗಂತೂ ಕೇಳದೆ ಹೊರಡಲೇಬಾರದು. ಇಲ್ಲಿ ಬಿಸಿಲಿದ್ದರೂ ಅಲ್ಲಿ ಮಂಜು ಕವಿದಿರುತ್ತದೆ.

ನಮ್ಮ ಮನೆಯದೇ ಒಂದು ಪ್ರಸಂಗವಿದೆ. ಯಾವ ಗಾಡಿ, ಯಾವ ಟೇಶನ್ ಅನ್ನುವುದು ಬೇಡ, ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಚಳಿಗಾಲ ನಾವು ಐವರು ತಂಗಿಯ ಮೊಮ್ಮಗನ ಲಗ್ನಕ್ಕೆ ಹೊರಟಿದ್ದೆವು. ಅಕ್ಕಿಕಾಳು ಹಾಕುವ ಮುಹೂರ್ತ ಬೆಳಗ್ಗೆ. ಗಾಡಿ ಐದು ತಾಸು ತಡ ಎಂದು ಗೊತ್ತಾಯಿತು. ಹತ್ತಿದರೆ ನಾವು ಮುಟ್ಟುವ ಹೊತ್ತಿಗೆ ಮದುಮಕ್ಕಳು ಊಟ ಮುಗಿಸಿ ಎದ್ದಿರುತ್ತಿದ್ದರು. ಪ್ಲಾಟ್‌ಫಾರಂ ಮೇಲೆ ಚಾದರ ಹಾಸಿಕೊಂಡು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಉಂಡೆವು. ಮಗ ಫೋನಿನಲ್ಲಿ ಟಿಡಿಆರ್ ತುಂಬಿದ. ಅದರ ನಂಬರನ್ನು ನಾನು ಪಂಚಾಂಗದ ಹಿಂಬದಿಗೆ ಬರೆದುಕೊಂಡೆ. ಆಮೇಲೆ ಗಾಡಿ ಬಂತು. ನಮ್ಮ ಡಬ್ಬಿ ನಮ್ಮ ಮುಂದೆಯೇ ನಿಂತಿತು, ನಮ್ಮ ಐದು ಸೀಟು ಖಾಲಿಯಾಗಿ ಕಾಣುತ್ತಿದ್ದವು. ಮೊಮ್ಮಗಳಿಗೆ ಅಳು ಬಂತು. ತಿಂಗಳು ದಾಟಿದ ಮೇಲೆ ಪೂರ್ತಿ ದರ ಖಾತೆಗೆ ಬಿತ್ತು. ಟಿಕೆಟ್ ತೆಗೆಯುವಾಗ ಕಟ್ಟಿದ ಸೇವಾ ಶುಲ್ಕ ಮಾತ್ರ ಬರಲಿಲ್ಲ, ಅದು ಬರುವುದೂ ಇಲ್ಲ. ಸಂದೇಶ ಓದಿ ಹೇಳಿದಾಗ ನಮ್ಮ ಮನೆಯಾಕೆ ಅಂದದ್ದು ಇಷ್ಟೇ: “ರೊಕ್ಕ ಬಂತು. ಅಕ್ಕಿಕಾಳು ಹಾಕೋದು ಹೋತು.”

ಆಕೆ ಶಾಲೆಗೆ ಹೋದವಳಲ್ಲ, ಆದರೆ ಕಾನೂನಿನ ಎರಡು ದೊಡ್ಡ ಶಬ್ದಗಳ ನಡುವಿನ ಅಂತರವನ್ನು ಹೇಳಿಬಿಟ್ಟಳು. ಕೊಟ್ಟ ದರ ಮರಳಿದರೆ ಅದು ಮರುಪಾವತಿ. ತಡದಿಂದ ಆದ ನಷ್ಟಕ್ಕೆ ಕೊಡುವುದು ಪರಿಹಾರ. ಮೂರು ತಾಸಿನ ನಿಯಮ ಕೊಡುವುದು ಮರುಪಾವತಿಯನ್ನು ಮಾತ್ರ.

ಹಾಗಾದರೆ ಪರಿಹಾರ ಎಂಬುದು ನಮ್ಮ ದೇಶದಲ್ಲಿ ಇರಲೇ ಇಲ್ಲವೆ? ಇತ್ತು, ಸಣ್ಣದೊಂದು. 2019ರ ಅಕ್ಟೋಬರಿನಲ್ಲಿ ಐಆರ್‌ಸಿಟಿಸಿ ಲಖನೌ ಮತ್ತು ದಿಲ್ಲಿಯ ನಡುವೆ ತೇಜಸ್ ಎಕ್ಸ್‌ಪ್ರೆಸ್ಸನ್ನು ಓಡಿಸತೊಡಗಿತು. ಒಂದು ತಾಸಿಗಿಂತ ಹೆಚ್ಚು ತಡವಾದರೆ ತಲೆಗೆ 100 ರೂಪಾಯಿ, ಎರಡು ತಾಸು ಮೀರಿದರೆ 250 ರೂಪಾಯಿ ಎಂದು ಸಾರಿತು. ಓಡಲು ಶುರುವಾಗಿ ತಿಂಗಳೂ ತುಂಬಿರಲಿಲ್ಲ, ಅಕ್ಟೋಬರ್ 19ರಂದು ಗಾಡಿ ಎರಡೂ ದಿಕ್ಕಿಗೆ ತಡವಾಯಿತು. ಒಂಬೈನೂರಕ್ಕೂ ಹೆಚ್ಚು ಜನರಿಗೆ ಒಟ್ಟು ಸುಮಾರು 1.62 ಲಕ್ಷ ರೂಪಾಯಿ ಕೊಡಬೇಕಾಯಿತು ಎಂದು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿಯೇ ಊರೂರು ತಿರುಗಿ, “ಗಾಡಿ ತಡ ಆದ್ರ ರೊಕ್ಕ” ಎಂದಾಗಿ ನಮ್ಮ ಕಟ್ಟೆಗೂ ಬಂದಿರಬೇಕು. ಆದರೆ ಆ ಪರಿಹಾರ ಇದ್ದದ್ದು ಐಆರ್‌ಸಿಟಿಸಿ ಓಡಿಸುವ ತೇಜಸ್‌ಗಳಿಗೆ ಮಾತ್ರ. ಅದನ್ನೂ 2024ರ ಫೆಬ್ರವರಿಯಲ್ಲಿ ನಿಲ್ಲಿಸಿದರು. 2024ರ ಮಾರ್ಚಿನಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರಾಯಚೂರಿನಲ್ಲಿ ನಿಲ್ಲುತ್ತಿದೆಯಲ್ಲ, ಅದಕ್ಕೂ ಅಂಥದ್ದು ಇದೆಯೇ ಎಂದು ಕೇಳುತ್ತಾರೆ. ಇಲ್ಲ. ಅದಕ್ಕೂ ಮೂರು ತಾಸಿನ ನಿಯಮವೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಬಿಡಿಸುತ್ತೇನೆ. ಆನ್‌ಲೈನ್ ಟಿಕೆಟ್ ತೆಗೆಯುವಾಗ ಒಂದು ರೂಪಾಯಿಗಿಂತ ಕಡಿಮೆ ಕಂತಿನ ವಿಮೆ ಬೇಕೇ ಎಂದು ಕೇಳುತ್ತದೆ. ಅದು ಅಪಘಾತದ ವಿಮೆ. ಜೀವಕ್ಕೆ, ಕೈಕಾಲಿಗೆ ಅಪಾಯವಾದರೆ ಉಂಟು. ತಡಕ್ಕೆ ಅದರಲ್ಲಿ ಏನೂ ಇಲ್ಲ. ಹಾಗೆಂದು ಬೇಡ ಅನ್ನಬೇಡಿ, ಇಷ್ಟು ಸೋವಿಯ ವಿಮೆ ಮತ್ತೆಲ್ಲಿ ಸಿಗುತ್ತದೆ?

ಚೀಟಿಯ ಮಾತು ಹೇಳಲಿಲ್ಲವೆಂದು ಮಕ್ಕಳು ಗುಣುಗುಡುತ್ತಿರಬಹುದು. ಚೀಟಿಯ ದೇಶ ಎಂದರೆ ಇಂಗ್ಲೆಂಡು. ನಮ್ಮ ಕಡೆಯ ಹುಡುಗರು ಈಗ ಅಲ್ಲಿಗೂ ಕೆಲಸಕ್ಕೆ, ಓದಿಗೆ ಹೋಗಿದ್ದಾರೆ. ಅಲ್ಲಿ ತಡವನ್ನು ನಿಮಿಷದಲ್ಲಿ ಅಳೆಯುತ್ತಾರೆ. ಬಹಳಷ್ಟು ಕಂಪನಿಗಳಲ್ಲಿ ಮುಟ್ಟುವುದು 15 ನಿಮಿಷ ತಡವಾದರೆ ಒಂದು ಕಡೆಯ ದರದ ಕಾಲುಭಾಗ, ಅರ್ಧ ತಾಸಾದರೆ ಅರ್ಧ, ಒಂದು ತಾಸಾದರೆ ಪೂರ್ತಿ. ಎರಡು ತಾಸು ಮೀರಿದರೆ ಹೋಗಿಬರುವ ಟಿಕೆಟ್ಟಿನ ಪೂರ್ತಿ ದರವನ್ನೇ ಕೊಡುತ್ತಾರೆ. ನಮ್ಮಲ್ಲಿ ಹತ್ತುವ ನಿಲ್ದಾಣದ ತಡ ಎಣಿಸಿದರೆ ಅಲ್ಲಿ ಇಳಿಯುವ ನಿಲ್ದಾಣದ ತಡ ಎಣಿಸುತ್ತಾರೆ. ಪ್ರಯಾಣ ಮಾಡಿದವರಿಗೇ ಕೊಡುತ್ತಾರೆ. ಈ ಒಂದು ಅಂತರ ಬಹಳ ದೊಡ್ಡದು. ಅರ್ಜಿಗೆ 28 ದಿನ ಗಡುವು.

ಆದರೆ ಬಹಳ ಕಾಲ ಅಲ್ಲಿ ಕೈಗೆ ರೊಕ್ಕ ಕೊಡುತ್ತಿರಲಿಲ್ಲ, ಚೀಟಿ ಕೊಡುತ್ತಿದ್ದರು. ವೋಚರ್ ಅನ್ನುತ್ತಾರೆ. ಆ ಚೀಟಿಗೆ ಒಂದು ವರ್ಷ ಆಯುಷ್ಯ. ಅದರಿಂದ ರೈಲಿನ ಟಿಕೆಟ್ಟು ಮಾತ್ರ ಕೊಳ್ಳಬೇಕು, ಅದೂ ಟೇಶನ್ನಿನ ಕೌಂಟರಿನಲ್ಲಿ ಮನುಷ್ಯರ ಮುಂದೆ ನಿಂತು. ಆನ್‌ಲೈನಿನಲ್ಲಿ ನಡೆಯದು, ಟಿಕೆಟ್ ಕೊಡುವ ಯಂತ್ರ ಅದನ್ನು ನುಂಗುವುದಿಲ್ಲ. ಸೋವಿಯ ಟಿಕೆಟ್ಟು ಇರುವುದು ಆನ್‌ಲೈನಿನಲ್ಲಿ, ಚೀಟಿ ನಡೆಯುವುದು ಕೌಂಟರಿನಲ್ಲಿ ಎಂದಾದರೆ ಚೀಟಿಯ ಬೆಲೆ ಮೊದಲೇ ಅರ್ಧ ಇಳಿದಂತೆ. ಹಾದಿತಪ್ಪಿ ಒಮ್ಮೆ ಮಾತ್ರ ಆ ದೇಶಕ್ಕೆ ಹೋದವರಿಗಂತೂ ಅದು ಗೋಡೆಗೆ ಅಂಟಿಸುವ ಕಾಗದ.

ಜಾತ್ರೆಯಲ್ಲಿ ತೊಟ್ಟಿಲು ಕೆಟ್ಟು ನಿಂತಿತು ಎಂದಿಟ್ಟುಕೊಳ್ಳಿ. ತೊಟ್ಟಿಲಿನವನು ರೊಕ್ಕ ಮರಳಿಸದೆ “ಮುಂದಿನ ವರ್ಷದ ಜಾತ್ರಿಗಿ ಬಾ, ಒಂದು ಸುತ್ತು ಪುಕ್ಕಟೆ” ಎಂದು ಚೀಟಿ ಕೊಟ್ಟರೆ ಹೇಗಿರುತ್ತದೆ? ಮುಂದಿನ ವರ್ಷ ನೀವು ಬರಬೇಕು, ಅವನೂ ಬರಬೇಕು, ಚೀಟಿ ಇಲಿ ಕಡಿಯದೆ ಉಳಿದಿರಬೇಕು. ಆ ರೊಕ್ಕದಲ್ಲಿ ನೀವು ಇವತ್ತು ಮಂಡಾಳು ಮಿರ್ಚಿ ತಿನ್ನುವಂತಿಲ್ಲ. ಬಟ್ಟೆ ಅಂಗಡಿಯಲ್ಲಿ ಸೀರೆ ಮರಳಿಸಲು ಹೋದರೆ “ರೊಕ್ಕ ಇಲ್ರಿ, ಬ್ಯಾರೆ ಏನರ ತಗೋರಿ” ಅನ್ನುವುದೂ ಇದೇ ಜಾತಿಯದು. ಇಂಗ್ಲೆಂಡಿನ ಪ್ರಯಾಣಿಕರು ಇದಕ್ಕೆ ಬಹಳ ತಕರಾರು ಮಾಡಿದರು. 2015ರ ನಂತರ ಕೇಳಿದವರಿಗೆ ಹಣವನ್ನೇ ಕೊಡುವ ಪದ್ಧತಿ ಬಂತು. ಕೇಳದವರಿಗೆ ಚೀಟಿಯೇ ಹೋಗುವುದೂ ಇತ್ತು.

ಜರ್ಮನಿಯಲ್ಲಿ ಒಂದು ತಾಸಿಗೆ ದರದ ಕಾಲುಭಾಗ, ಎರಡು ತಾಸಿಗೆ ಅರ್ಧ. ಆದರೆ ಲೆಕ್ಕ ಹಾಕಿದಾಗ 4 ಯೂರೋಗಿಂತ ಕಡಿಮೆ ಬಂದರೆ ಕೊಡುವುದೇ ಇಲ್ಲ. ಸಣ್ಣ ಟಿಕೆಟ್ಟಿನವರಿಗೆ ಸೊನ್ನೆ. ಜಪಾನಿನದು ಬೇರೆ ತಮಾಷೆ. ಅಲ್ಲಿ ಗಾಡಿ ಕೆಲವೇ ನಿಮಿಷ ತಡವಾದರೂ ಟೇಶನ್ನಿನಲ್ಲಿ “ಇಂದು ಗಾಡಿ ಇಷ್ಟು ನಿಮಿಷ ತಡ” ಎಂಬ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ರೊಕ್ಕ ಬರುವುದಿಲ್ಲ. ಶಾಲೆಯ ಮಕ್ಕಳು ಅದನ್ನು ಗುರುಗಳಿಗೆ ತೋರಿಸಿ ಬೈಗುಳ ತಪ್ಪಿಸಿಕೊಳ್ಳುತ್ತಾರೆ. ನಾನು ಮೇಷ್ಟರಾಗಿದ್ದಾಗ ಬಸ್ಸು ತಡವೆಂದು ಹೇಳಿದ ಹುಡುಗರನ್ನೆಲ್ಲ ನಂಬಬೇಕಾಗುತ್ತಿತ್ತು. ಅಂಥ ಚೀಟಿ ಇಲ್ಲಿಯೂ ಇದ್ದಿದ್ದರೆ ಚೆನ್ನಾಗಿತ್ತು.

ಈಗ ನಮ್ಮ ದೇಶದ ಒಂದು ಮೊಕದ್ದಮೆ. ಹಿರಿಯರು ಇದನ್ನು ಗಮನವಿಟ್ಟು ಓದಬೇಕು. 2016ರ ಜೂನ್ 11ರಂದು ಒಂದು ಕುಟುಂಬ ಅಜ್ಮೇರ್–ಜಮ್ಮು ಗಾಡಿಯಲ್ಲಿ ಹೊರಟಿತ್ತು. ಬೆಳಗ್ಗೆ 8.10ಕ್ಕೆ ಜಮ್ಮು ಮುಟ್ಟಬೇಕಾದ ಗಾಡಿ ಮುಟ್ಟಿದ್ದು ಮಧ್ಯಾಹ್ನ 12ಕ್ಕೆ. ಅಲ್ಲಿಂದ ಶ್ರೀನಗರಕ್ಕೆ ಅವರ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡಿಕೊಂಡು ಹೋದರು. ಶ್ರೀನಗರದ ದಾಲ್ ಸರೋವರದಲ್ಲಿ ಗೊತ್ತು ಮಾಡಿದ್ದ ದೋಣಿಯ ಹಣವೂ ಹೋಯಿತು. ಅವರು ಗ್ರಾಹಕರ ವೇದಿಕೆಗೆ ಹೋದರು. ಅಲ್ಲಿ ಗೆದ್ದರು. ರೈಲ್ವೆ ಮೇಲ್ಮನವಿ ಹಾಕುತ್ತ ಹಾಕುತ್ತ ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಸೆಪ್ಟೆಂಬರ್ 6ರಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಅನಿರುದ್ಧ ಬೋಸ್ ಅವರ ಪೀಠ ಪ್ರಯಾಣಿಕರ ಪರವಾಗಿಯೇ ಹೇಳಿತು. ಟ್ಯಾಕ್ಸಿಗೆ 15,000 ರೂಪಾಯಿ, ಕಾದಿರಿಸಿದ್ದಕ್ಕೆ 10,000 ರೂಪಾಯಿ, ಮೇಲೆ ಮನಸ್ಸಿಗಾದ ಬೇಗುದಿಗೆ, ಮೊಕದ್ದಮೆಯ ಖರ್ಚಿಗೆ ಬೇರೆ.

ಪೀಠ ಹೇಳಿದ್ದರ ತಿರುಳು ಹೀಗೆ: ತಡ ನಮ್ಮ ಕೈಮೀರಿದ ಕಾರಣದಿಂದ ಆಯಿತು ಎಂದು ತೋರಿಸಬೇಕಾದದ್ದು ರೈಲ್ವೆಯೇ. ತೋರಿಸದಿದ್ದರೆ ಪರಿಹಾರ ಕೊಡಬೇಕು. ಮಂಜಿಗೆ, ಪ್ರವಾಹಕ್ಕೆ ಕೇಳಲು ಬರುವುದಿಲ್ಲ. ಕಾರಣವೇ ಹೇಳದ ತಡಕ್ಕೆ ಕೇಳಬಹುದು. ಆದರೆ ಗಮನಿಸಿ, 2016ರ ನಷ್ಟಕ್ಕೆ ಕೊನೆಯ ಮಾತು ಬಂದದ್ದು 2021ರಲ್ಲಿ. ಐದು ವರ್ಷ. ಎಂಬತ್ತು ದಾಟಿದವರು ಇಂಥದಕ್ಕೆ ಕೈಹಾಕಬೇಕೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಅದು ನಷ್ಟ ಎಷ್ಟು ಎಂಬುದರ ಮೇಲಿದೆ. ಇನ್ನೂರು ರೂಪಾಯಿ ಆಟೋ ಖರ್ಚಿಗೆ ಬೇಡ. ತಿಂಗಳುಗಟ್ಟಲೆ ಕಾದು ಸಿಕ್ಕ ಆಪರೇಷನ್ನಿನ ದಿನ ತಪ್ಪಿ, ಕಟ್ಟಿದ ಹಣವೂ ಹೋದರೆ ಯಾಕೆ ಕೇಳಬಾರದು?

ಕೇಳುವ ಜಾಗ ದೂರವಿಲ್ಲ, ರಾಯಚೂರಿನಲ್ಲಿಯೇ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಷ್ಟವಾದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರೈಲು ಟಿಕೆಟ್ಟು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ವಕೀಲರನ್ನು ಹಿಡಿಯದೆ ತಾವೇ ವಾದಿಸಬಹುದು. ಆದರೆ ಕೈಯಲ್ಲಿ ಕಾಗದ ಇರಬೇಕು. ಟಿಕೆಟ್ಟು, ಗಾಡಿ ಬಂದ ಹೊತ್ತಿನ ಫೋಟೊ, ತಪ್ಪಿದ ಕೆಲಸದ ಪತ್ರ, ಟ್ಯಾಕ್ಸಿಯ ರಸೀದಿ. ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮುದ್ದೆಯಾದ ಚೀಟಿಯನ್ನು ಮೊಮ್ಮಕ್ಕಳು ಬಿಡಿಸಿ ಫೋಟೊ ತೆಗೆದಿಟ್ಟರೆ ದೊಡ್ಡ ಉಪಕಾರ.

ಎರಡು ಗಾಡಿ ಬದಲಿಸಿ ಹೋಗುವವರಿಗೂ ಒಂದು ಮಾತಿದೆ. ರಾಯಚೂರಿನಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ಮೈಸೂರಿಗೆ ಇನ್ನೊಂದು ಎಂದು ತೆಗೆಯುತ್ತೇವೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಟಿಕೆಟ್ ಹಣ ಮುಳುಗಿತೆಂದೇ ತಿಳಿಯುತ್ತಿದ್ದೆವು. 2019ರ ಏಪ್ರಿಲಿನಿಂದ ಎರಡೂ ಟಿಕೆಟ್ಟುಗಳ ಪಿಎನ್‌ಆರ್ ನಂಬರನ್ನು ಒಂದಕ್ಕೊಂದು ಜೋಡಿಸುವ ಅವಕಾಶವಿದೆ. ಜೋಡಿಸಿದ್ದರೆ ತಪ್ಪಿದ ಗಾಡಿಯ ದರ ಮರಳುತ್ತದೆ. ಇಲ್ಲಿಯೂ ಕಟ್ಟಳೆಗಳಿವೆ. ಎರಡೂ ಟಿಕೆಟ್ಟಿನಲ್ಲಿ ಪ್ರಯಾಣಿಕರ ಹೆಸರು, ವಯಸ್ಸು ಒಂದೇ ಇರಬೇಕು. ಒಂದರಲ್ಲಿ ಅಡ್ಡಹೆಸರು ಬರೆಸಿ ಇನ್ನೊಂದರಲ್ಲಿ ಬಿಟ್ಟರೆ ತೊಂದರೆ. ಮೊದಲ ಗಾಡಿ ಇಳಿಸುವಲ್ಲಿಂದಲೇ ಎರಡನೆಯದು ಹೊರಡಬೇಕು. ಮತ್ತೆ ಅದೇ ಮೂರು ತಾಸು: ಮೊದಲ ಗಾಡಿ ನಿಜವಾಗಿ ಮುಟ್ಟಿದ ಮೂರು ತಾಸಿನೊಳಗೆ ಎರಡನೆಯ ಟಿಕೆಟ್ ಒಪ್ಪಿಸಬೇಕು.

ಕೊನೆಗೆ ಟಿಕೆಟ್ ಮಾಡಿಕೊಡುವ ಅಂಗಡಿಯ ಮಾತು. ನಮ್ಮ ಕಡೆ ಅನೇಕರು ದೇವದುರ್ಗದಲ್ಲೋ ರಾಯಚೂರಿನಲ್ಲೋ ಅಂಗಡಿಯವರ ಕೈಯಿಂದ ಟಿಕೆಟ್ ತೆಗೆಸುತ್ತಾರೆ. ಆಗ ಮರಳಿದ ಹಣ ಹೋಗುವುದು ಯಾವ ಖಾತೆಯಿಂದ ಕಟ್ಟಿದ್ದರೋ ಆ ಖಾತೆಗೆ, ಅಂದರೆ ಅಂಗಡಿಯವರಿಗೆ. ಟಿಕೆಟ್ ತೆಗೆಸುವಾಗಲೇ ನಿಮ್ಮದೇ ಮೊಬೈಲ್ ನಂಬರು ಹಾಕಿಸಿ. ಅಧಿಕೃತ ಏಜೆಂಟರಾದರೆ ಮರಳಿದ ಮೊತ್ತವೂ ಒಂದು ಓಟಿಪಿಯೂ ನಿಮ್ಮ ಫೋನಿಗೆ ಬರುತ್ತವೆ. ಅದನ್ನು ತೆಗೆದುಕೊಂಡು ಅದೇ ಅಂಗಡಿಗೆ ಹೋಗಿ, ಎದುರಿಗೆ ನಿಂತು ಹೇಳಿ, ಹಣ ಪಡೆಯಿರಿ.

ಆದರೆ “ನಿಮ್ಮ ರೈಲಿನ ರೊಕ್ಕ ಬಂದದ, ಓಟಿಪಿ ಹೇಳ್ರಿ” ಎಂದು ಗುರುತಿಲ್ಲದವರು ಫೋನು ಮಾಡಿದರೆ ಇಟ್ಟುಬಿಡಿ. ಹೇಳಿಬಿಟ್ಟಿದ್ದರೆ, ರೊಕ್ಕ ಹೋಗಿದ್ದರೆ, ತಡಮಾಡದೆ 1930ಕ್ಕೆ ತಿಳಿಸಿ. ನಿಯಮಗಳು ಆಗಾಗ ಬದಲಾಗುತ್ತವೆ, ಅದಕ್ಕೆ ಟಿಕೆಟ್ ತೆಗೆಯುವ ದಿನ 139ಕ್ಕೆ ಮತ್ತೊಮ್ಮೆ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಯಾರು ಊರಿಗೆ ಹೊರಟರೂ ಗಾಡಿ ನಂಬರು, ಬಿಡುವ ಹೊತ್ತು, ಅದಕ್ಕೆ ಮೂರು ತಾಸು ಕೂಡಿಸಿದ ಹೊತ್ತು ಎಂದು ಮೂರು ಕಾಲಂ ಬರೆಯುತ್ತಾಳೆ. ಓಣಿಯವರು ಈಗ ಟಿಕೆಟ್ಟು ಹಿಡಿದು ಮೊದಲು ಅವಳ ಹತ್ತಿರ ಹೋಗುತ್ತಾರೆ.